ಎರಡನೆಯ ರೆಪ್ಪೆ

ಅಂಚೆಚೀಟಿಯನ್ನು ಅವರು ನಾಲಗೆಯಿಂದಲೇ ಒದ್ದೆ ಮಾಡುತ್ತಿದ್ದರು. ಮೇಜಿನ ಮೇಲೆ ಪಿಂಗಾಣಿಯ ಸಣ್ಣ ಬಟ್ಟಲಲ್ಲಿ ನೀರು ಹಾಕಿ, ಒಂದು ತುಂಡು ಸ್ಪಂಜನ್ನು ನಾನೇ ಇಡುತ್ತಿದ್ದೆ. ಅವರು ಅದರ ಕಡೆ ನೋಡುತ್ತಿರಲಿಲ್ಲ. ನಾಲಗೆಯನ್ನು ಪೂರ್ತಿ ಹೊರಗೆ ಚಾಚಿ, ಚೀಟಿಯನ್ನು ಅದರ ಮೇಲೆ ಮಲಗಿಸಿ, ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದು ಆಮೇಲೆ ಲಕೋಟೆಗೆ ಒತ್ತುತ್ತಿದ್ದರು. ನಾನು ಟೈಪ್ ಮಾಡಿ ಕೊಟ್ಟ ಹಾಳೆಗಳನ್ನು ತಿರುವುವುದೂ ಬೆರಳಿಗೆ ಎಂಜಲು ಹಚ್ಚಿಕೊಂಡೇ. ಸಹಿಯಾಗಿ ನನ್ನ ಕೈಗೆ ವಾಪಸು ಬರುವಾಗ ಪ್ರತಿ ಹಾಳೆಯ ಮೂಲೆ ತೇವವಾಗಿರುತ್ತಿತ್ತು. ಒಂಬತ್ತು ವರ್ಷ ನಾನು ಆ ಮೂಲೆಗಳನ್ನು ಮುಟ್ಟಿದ್ದೇನೆ.

ಅವರ ಬಗ್ಗೆ ನನಗಿರುವ ಹೇಸಿಗೆ ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಎಂಜಲಿನ ಹೇಸಿಗೆಯನ್ನು ಕೈ ತೊಳೆದು ಕಳೆದುಕೊಳ್ಳಬಹುದು.

ಪುತ್ತೂರಿನ ಪೇಟೆಯಲ್ಲಿ ಅವರದು ಕಬ್ಬಿಣದ ಸಾಮಾನಿನ ಅಂಗಡಿ. ಬೀಗ, ಟ್ರಂಕು, ತಿಜೋರಿ, ದೇವಸ್ಥಾನಗಳಿಗೂ ಸೊಸೈಟಿಗಳಿಗೂ ಬೇಕಾದ ಹಣದ ಪೆಟ್ಟಿಗೆ, ಇವೆಲ್ಲ ಅಲ್ಲಿ ಸಿಗುತ್ತಿದ್ದವು. ಊರವರು ಅವರನ್ನು ಧಣಿಗಳು ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಹೆಸರು ಬೇಡ. ನಾನು ಸುಳ್ಯದ ಕಡೆಯವನು. ಐವತ್ತರ ದಶಕದಲ್ಲಿ ಟೈಪಿಂಗ್ ಕಲಿತು, ಮದುವೆಯೂ ಆಗಿ, ಅವರಲ್ಲಿ ಗುಮಾಸ್ತನಾಗಿ ಸೇರಿದೆ. ಪತ್ರ ಬರೆಯುವವನಾದ್ದರಿಂದ ಎಲ್ಲರೂ ನನ್ನನ್ನು ರೈಟ್ರು ಎಂದು ಕರೆದರು. ನನ್ನ ಮನೆಮಾತು ಅರೆಭಾಷೆ, ಅಂಗಡಿಯ ಮಾತು ಹೆಚ್ಚಾಗಿ ತುಳು. ಇಲ್ಲಿರುವ ಮಾತುಗಳನ್ನೆಲ್ಲ ನೆನಪಿನಿಂದ ಕನ್ನಡಕ್ಕೆ ತಂದಿದ್ದೇನೆ. ನೆನಪಿಲ್ಲದ್ದನ್ನು ಸೇರಿಸಿಲ್ಲ.

ಅವರ ಬಾಯಲ್ಲಿ ಕೆಟ್ಟ ಮಾತು ಬಂದದ್ದನ್ನು ನಾನು ಕೇಳಿಲ್ಲ. ಮೂಟೆ ಹೊರುವವರಿಗೂ ‘ನೀವು’ ಎನ್ನುತ್ತಿದ್ದರು. ನನ್ನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಕೇಳುವ ಮೊದಲೇ ತಮ್ಮ ಕಾರು ಕಳಿಸಿ ಮಂಗಳೂರಿಗೆ ಮುಟ್ಟಿಸಿದವರು ಅವರು. ಹೆಂಡತಿಯೂ ಉಳಿದಳು, ಮಗಳೂ ಉಳಿದಳು. ಇದನ್ನು ಬಿಟ್ಟು ಬರೆದರೆ ನನ್ನ ಸಾಕ್ಷಿ ಅರ್ಧ ಸುಳ್ಳಾಗುತ್ತದೆ.

‘ಪಾಪ’ ಎನ್ನುವುದು ಅವರ ಬಾಯಿರೂಢಿ. ಬೆಟ್ಟಂಪಾಡಿಯ ಒಬ್ಬರು ತಮ್ಮ ತಂದೆಯ ಕಾಲದ ತಿಜೋರಿಯನ್ನು ಮಾರುವುದಕ್ಕೆ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. “ಪಾಪ, ಇಷ್ಟು ದೂರದಿಂದ ತಂದಿದ್ದೀರಿ” ಎಂದು ಧಣಿಗಳು ಕಾಫಿ ತರಿಸಿದರು. ತಿಜೋರಿಯ ಬಾಗಿಲಿಗೆ ಕಿವಿಯಿಟ್ಟು ಕೇಳಿದರು. ಕೀಲಿ ತಿರುಗಿಸಿದರು. “ಪಾಪ” ಎಂದು ಇನ್ನೊಮ್ಮೆ ಹೇಳಿದರು, ಈ ಸಲ ತಿಜೋರಿಯ ಬಗ್ಗೆ. ಕಾಫಿ ಮುಗಿಯುವಷ್ಟರಲ್ಲಿ ಆ ಮನುಷ್ಯ ಅದನ್ನು ಬರೀ ಕಬ್ಬಿಣದ ತೂಕಕ್ಕೆ ಕೊಟ್ಟು, ಕೈಮುಗಿದು ಹೋದರು. ವಾರದೊಳಗೆ ಅದೇ ತಿಜೋರಿ ಹಸುರು ಬಣ್ಣ ಹಚ್ಚಿಸಿಕೊಂಡು ಎದುರಿನ ಸಾಲಿನಲ್ಲಿ ನಿಂತಿತ್ತು. ಆಗ ನಾನೂ ನಕ್ಕಿದ್ದೆ. ವ್ಯಾಪಾರವೆಂದರೆ ಹೀಗೆ ಎಂದುಕೊಂಡಿದ್ದೆ.

ಅಂಗಡಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಬ್ಬರು ಆಚಾರ್ರ ಕುಲುಮೆ ಇತ್ತು. ಕತ್ತಿ, ಹಾರೆ ಎಲ್ಲರೂ ಮಾಡುತ್ತಾರೆ. ಇವರ ಕೈ ಬೀಗದಲ್ಲಿ. ಮಾತು ಕಡಿಮೆ. ಕೆಲಸ ಮಾಡುವಾಗ ನಾಲ್ಕು ಸಲ ಕೇಳಿದರೆ ಒಂದು ಸಲ ಉತ್ತರ. ನಮ್ಮ ಅಂಗಡಿಗೆ ಅವರು ಬಾಗಿಲಿನ ಬಿಜಾಗ್ರಿ, ಚಿಲಕ ಮಾಡಿಕೊಡುತ್ತಿದ್ದರು, ಹಾಳಾದ ಬೀಗ ರಿಪೇರಿ ಮಾಡುತ್ತಿದ್ದರು. ಧಣಿಗಳು ಅವರನ್ನು ಹೊರಗಿನವರ ಎದುರು ‘ನಮ್ಮ ಆಚಾರ್ರು’ ಎನ್ನುತ್ತಿದ್ದರು. ಅವರು ಯಾರ ಆಳೂ ಆಗಿರಲಿಲ್ಲ.

ಆ ಕಾಲದಲ್ಲಿ ಕಾಣಿಕೆ ಡಬ್ಬಿಯಿಂದ ಹಣ ಕದಿಯುವುದಕ್ಕೆ ಒಂದು ಉಪಾಯವಿತ್ತು. ತೆಂಗಿನ ಗರಿಯ ಉದ್ದ ಕಡ್ಡಿ ತೆಗೆದುಕೊಂಡು, ತುದಿಗೆ ಹಲಸಿನ ಮೇಣ ಸುತ್ತಿ, ಡಬ್ಬಿಯ ಬಾಯಿಯಿಂದ ಒಳಗೆ ಇಳಿಸುವುದು. ನೋಟು ಅಂಟಿಕೊಂಡು ಮೇಲೆ ಬರುತ್ತದೆ. ನಯೇ ಪೈಸೆ ಬಂದ ಮೇಲೆ ನಾಣ್ಯಗಳೂ ಬರತೊಡಗಿದವು. ಅಂಗಿಯ ಗುಂಡಿಯಂಥ ಒಂದು ಪೈಸೆಗೆ ಎಷ್ಟು ತೂಕ! ಕಾಣಿಯೂರಿನ ದಾರಿಯಲ್ಲಿ ಒಂದು ದೈವಸ್ಥಾನವಿದೆ. ಆಚಾರ್ರ ಮನೆಯವರು ನಂಬಿದ ದೈವ. ಅಲ್ಲಿನ ಡಬ್ಬಿಯೂ ಹೀಗೆ ಎರಡು ಮೂರು ಸಲ ಖಾಲಿಯಾಯಿತು.

ಆಚಾರ್ರು ಒಂದು ಮಳೆಗಾಲ ಪೂರ್ತಿ ಕೂತು ಆ ಡಬ್ಬಿಯ ಬಾಯಿಗೆ ಒಂದು ಬಾಗಿಲು ಮಾಡಿದರು. ಹಿತ್ತಾಳೆಯ ಎರಡು ತಗಡು, ಒಂದರ ಕೆಳಗೆ ಒಂದು. ಅವನ್ನು ಅವರು ರೆಪ್ಪೆ ಎನ್ನುತ್ತಿದ್ದರು. ಮೇಲಿನ ರೆಪ್ಪೆಯ ಮೇಲೆ ಹಣ ಇಟ್ಟು ಪಕ್ಕದ ಹಿಡಿಯನ್ನು ಒತ್ತಿದರೆ ಅದು ತೆರೆದು ಹಣ ಕೆಳಗಿನ ರೆಪ್ಪೆಗೆ ಬೀಳುತ್ತದೆ. ಹಿಡಿ ಬಿಟ್ಟರೆ ಮೇಲಿನದು ಮುಚ್ಚುತ್ತದೆ, ಆಮೇಲೆ ಕೆಳಗಿನದು ತೆರೆದು ಹಣ ಡಬ್ಬಿಯೊಳಗೆ ಹೋಗುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಹೊತ್ತೇ ಇಲ್ಲ. ಕಡ್ಡಿಗೆ ಒಳಗೆ ಹೋಗುವ ದಾರಿ ಇಲ್ಲ. ಹೊರಗಿನಿಂದ ನೋಡುವವರಿಗೆ ಕಾಣುವುದು ಮೇಲಿನ ರೆಪ್ಪೆ ಮಾತ್ರ. ಉಳಿದದ್ದೆಲ್ಲ ರಿವೆಟ್ ಹೊಡೆದ ಗೂಡಿನೊಳಗೆ.

ಮೊದಲನೆಯದನ್ನು ಅವರು ಮಾರಲಿಲ್ಲ. ಹೊಸ ತರದ ಕೆಲಸ ಕೈಯಿಂದ ಹೊರಟರೆ ಮೊದಲನೆಯದನ್ನು ದೈವಕ್ಕೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಅದರ ಮಾತು ಎತ್ತಬಾರದು ಎಂಬುದು ಅವರ ಮನೆಯ ಕ್ರಮ. ಡಬ್ಬಿಗೆ ಕೂರಿಸಿ, ಕೈಮುಗಿದು, ಒಂದು ಮಾತೂ ಹೇಳದೆ ಬಂದರು. ಆ ದಿನ ನಾನು ಅಲ್ಲಿದ್ದೆ. ಧಣಿಗಳೂ ಇದ್ದರು, ಏಕೆಂದರೆ ಆ ದೈವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಅವರೇ. ಅವರು ನಾಲ್ಕೈದು ಸಲ ಹಿಡಿ ಒತ್ತಿ ನೋಡಿದರು. ಒಂದೊಂದು ಸಲಕ್ಕೂ ಒಂದೊಂದು ಪೈಸೆ ಹಾಕಿದರು.

ಆಮೇಲೆ ಆಚಾರ್ರು ಇನ್ನೂ ಹತ್ತು ಹನ್ನೆರಡು ಮಾಡಿ ಮಾರಿದರು. ಸುಬ್ರಹ್ಮಣ್ಯದ ಕಡೆ ಕೊಲ್ಲಮೊಗ್ರಿನವರು ಒಯ್ದರು. ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ತೋಟ ಹಾಕಿದ ಒಬ್ಬರು ಕ್ರೈಸ್ತರು ತಮ್ಮ ಇಗರ್ಜಿಯ ಡಬ್ಬಿಗೆ ಎಂದು ಒಯ್ದರು. ಕೊಡೆಯಡಿ ನಿಂತು ಅವಸರ ಮಾಡುವ ಜನ ಆ ಕುಲುಮೆಯ ಎದುರು ಕಾಣಿಸಿದ್ದು ಆ ಎರಡು ವರ್ಷ ಮಾತ್ರ.

ಒಂದು ದಿನ ಧಣಿಗಳು ನನ್ನನ್ನು ಒಳಗೆ ಕರೆದು ಒಂದು ಫಾರಂ ಕೊಟ್ಟರು. ಕಲ್ಕತ್ತದ ಪೇಟೆಂಟ್ ಕಚೇರಿಯದ್ದು. ಹೊಸದಾಗಿ ಏನನ್ನಾದರೂ ಕಂಡುಹಿಡಿದವರು ಅಲ್ಲಿ ಅರ್ಜಿ ಹಾಕಿದರೆ, ಅವರು ಪರಿಶೀಲಿಸಿ ಒಪ್ಪಿದರೆ, ಇಂತಿಷ್ಟು ವರ್ಷ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ. ಫಾರಂನಲ್ಲಿ ಅಚ್ಚಾಗಿದ್ದ ಒಂದು ವಾಕ್ಯದ ಅರ್ಥ ಇಷ್ಟು: ಇದರ ನಿಜವಾದ ಮತ್ತು ಮೊದಲನೆಯ ಶೋಧಕ ನಾನೇ. ಅದರ ಮುಂದೆ ಹೆಸರು ತುಂಬಿಸಲು ಜಾಗ ಬಿಟ್ಟಿತ್ತು.

“ಇಲ್ಲಿ ಆಚಾರ್ರ ಹೆಸರಾ?” ಎಂದು ಕೇಳಿದೆ.

“ನಮ್ಮದು ಹಾಕಿ ರೈಟ್ರೇ.”

“ಮಾಡಿದ್ದು ಅವರಲ್ವಾ?”

“ಪಾಪ, ಕಲ್ಕತ್ತ ಯಾವ ದಿಕ್ಕಿನಲ್ಲಿ ಉಂಟು ಅಂತ ಅವರಿಗೆ ಗೊತ್ತುಂಟಾ? ಹೆಸರು ಹಾಕಿದ್ರೆ ನಾಳೆ ಅಲ್ಲಿಂದ ಕಾಗದ ಬರ್ತದೆ, ಇಂಗ್ಲಿಷಿನಲ್ಲಿ. ಯಾರು ಓದುದು? ಸುಮ್ಮನೆ ಅವರಿಗೆ ತೊಂದರೆ.”

ನಾನು ಟೈಪ್ ಮಾಡಿದೆ. ಅವರ ಹೆಸರಿನ ಒಂದೊಂದು ಅಕ್ಷರವನ್ನೂ ಸರಿಯಾಗಿ ಹೊಡೆದೆ. ತಪ್ಪು ಮಾಡಿ ಹಾಳೆ ಹರಿಯಬಹುದಿತ್ತು; ಹಾಗೆ ಮಾಡಲಿಲ್ಲ. ಬಾಗಿಲು ಕೆಲಸ ಮಾಡುವ ಕ್ರಮವನ್ನು ಧಣಿಗಳು ಹೇಳಿದ ಹಾಗೆ ಬರೆದೆ. ಕೆಳಗಿನ ರೆಪ್ಪೆ ಯಾವಾಗಲೂ ಮುಚ್ಚಿಯೇ ಇರುತ್ತದೆ, ಹಣದ ಭಾರ ಬಿದ್ದಾಗ ತೆರೆಯುತ್ತದೆ ಎಂದು ಅವರು ಹೇಳಿದರು. ನಾನೂ ಹಾಗೆಯೇ ನಂಬಿದ್ದೆ.

ಕೆಲವು ತಿಂಗಳು ಕಳೆದು ಕಲ್ಕತ್ತದಿಂದ ಕಾಗದ ಬಂತು. ಅರ್ಜಿ ನೋಡುವ ಅಧಿಕಾರಿಯದ್ದು. ನಾಲ್ಕು ಸಣ್ಣ ತಕರಾರುಗಳ ನಂತರ ಐದನೆಯದಾಗಿ ಒಂದು ಪ್ರಶ್ನೆ. ನಾಣ್ಯಕ್ಕೆ ಭಾರವಿದೆ. ಒಂದು ರೂಪಾಯಿಯ ಕಾಗದದ ನೋಟಿಗೆ ಯಾವ ಭಾರ? ನೋಟು ಮಾತ್ರ ಹಾಕಿದಾಗ ಎರಡನೆಯ ಬಾಗಿಲು ಯಾವುದರಿಂದ ತೆರೆಯುತ್ತದೆ? ಇದನ್ನು ವಿವರಿಸದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ.

ಆ ಕಾಗದವನ್ನು ಧಣಿಗಳು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನಾಲ್ಕನೆಯ ದಿನ ನನಗೆ ಹೇಳಿದರು: “ನೀವೇ ಹೋಗಿ ಕೇಳಿ. ನಿಮಗೆ ತಿಳಿಯಬೇಕು ಅನ್ನುವ ಹಾಗೆ ಕೇಳಿ. ನಿಮ್ಮತ್ರ ಅವರು ಮಾತಾಡ್ತಾರೆ.”

ನಾನು ಹೋದೆ. ಆಚಾರ್ರು ಒಂದು ಚಿಲಕಕ್ಕೆ ಅರ ಹಾಕುತ್ತಿದ್ದರು. ಬರೀ ನೋಟು ಹಾಕಿದರೆ ಕೆಳಗಿನ ರೆಪ್ಪೆ ಯಾವುದರಿಂದ ತೆರೆಯುತ್ತದೆ ಎಂದು ನಾನು ಕೇಳಿದೆ. ಅರ ನಿಂತಿತು.

“ಇದು ನಿಮ್ಮ ಪ್ರಶ್ನೆ ಅಲ್ಲ.”

“ಅಲ್ಲ. ಕಲ್ಕತ್ತದಲ್ಲಿ ಒಬ್ಬರು ಕೇಳಿದ್ದು.” ಅಷ್ಟು ನಿಜವನ್ನು ಹೇಳಿದೆ, ಉಳಿದದ್ದನ್ನು ನುಂಗಿದೆ.

“ಕಲ್ಕತ್ತದಲ್ಲಿ!” ಅವರು ಅರವನ್ನು ಕೆಳಗಿಟ್ಟರು. ಅವರು ಅಷ್ಟು ನಕ್ಕದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. “ಅವ ಕೆಲಸ ಗೊತ್ತಿದ್ದವ ಮಾರಾಯ್ರೆ. ಇಷ್ಟು ಜನ ಒಯ್ದರು, ಹಿಡಿ ಒತ್ತಿದರು, ಪೈಸೆ ಹಾಕಿದರು. ಒಬ್ಬನಾದ್ರೂ ಇದನ್ನು ಕೇಳಿದ್ನಾ? ನೀವು ಕೇಳಿದ್ರಾ?”

“ಇಲ್ಲ.”

“ಹಣ ತೆರೆಯುದಲ್ಲ ಅದು. ಮೇಲಿನ ರೆಪ್ಪೆಗೆ ಹಿಂದೆ ಒಂದು ಬಾಲ ಉಂಟು. ಬಾಲದಿಂದ ಕೆಳಗಿನದಕ್ಕೆ ಒಂದು ತಂತಿ. ಮೇಲಿನದು ಮುಚ್ಚಿದ್ರೆ ತಂತಿ ಕೆಳಗಿನದನ್ನು ತೆರೀತದೆ. ಮೇಲಿನದು ತೆರೆಯುವ ಮೊದಲೇ ಕೆಳಗಿನದನ್ನು ಮುಚ್ತದೆ. ಸುಮ್ಮನಿರುವಾಗ ಕೆಳಗಿನ ರೆಪ್ಪೆ ತೆರೆದೇ ಇರುದು. ಎಲ್ಲರೂ ಮುಚ್ಚಿರ್ತದೆ ಅಂತ ತಿಳಿದಿದ್ದಾರೆ.” ಎರಡು ಹಲಸಿನ ಎಲೆ ಹೆಕ್ಕಿ, ಎರಡು ಕೈಯಲ್ಲಿ ಹಿಡಿದು ಮಾಡಿ ತೋರಿಸಿದರು. ನನಗೆ ತಿಳಿಯಿತೋ ಇಲ್ಲವೋ ಎಂದು ಮತ್ತೆ ತೋರಿಸಿದರು. ಕೊನೆಗೆ ಇದ್ದಿಲಿನ ತುಂಡಿನಿಂದ ಒಂದು ಹಲಗೆಯ ಮೇಲೆ ಚಿತ್ರ ಬರೆದರು. “ಅವನಿಗೆ ಸರಿಯಾಗಿ ಬರೀರಿ ಆಯ್ತಾ. ತಂತಿ ಎಲ್ಲಿ ಬಾಗಬೇಕು ಅಂತ ಬಿಟ್ಟುಹೋಗುದು ಬೇಡ.”

ನಾನು ಬಿಟ್ಟುಹೋಗಲಿಲ್ಲ. ಆ ಚಿತ್ರವನ್ನು ಕಾಗದಕ್ಕೆ ಇಳಿಸಿದೆ. ಧಣಿಗಳು ಅದನ್ನು ನೋಡಿ, “ಹೌದಲ್ಲ, ನಾನು ಅಂದುಕೊಂಡದ್ದೂ ಹೀಗೇ” ಎಂದರು. ಹೇಳುವಾಗ ಅವರ ಮುಖದಲ್ಲಿ ನಾಚಿಕೆಯ ಗುರುತು ಇತ್ತೇ ಎಂದು ನಾನು ಎಷ್ಟೋ ಸಲ ನೆನಪನ್ನು ಕೆದಕಿದ್ದೇನೆ. ಇರಲಿಲ್ಲ. ಹೆಚ್ಚು ಹೇಸಿಗೆ ಹುಟ್ಟಿಸುವುದು ಅದೇ. ಆ ಕ್ಷಣಕ್ಕೆ ಅವರು ಅದನ್ನು ನಂಬಿದ್ದರು.

ಕಲ್ಕತ್ತದವರಿಗೆ ಉತ್ತರ ಸರಿಕಂಡಿತು. ಅರ್ಜಿ ಒಪ್ಪಿದ್ದೇವೆ, ಗೆಜೆಟ್ಟಿನಲ್ಲಿ ಪ್ರಕಟಿಸುತ್ತೇವೆ, ನಾಲ್ಕು ತಿಂಗಳೊಳಗೆ ಯಾರೂ ತಕರಾರು ಹಾಕದಿದ್ದರೆ ಪೇಟೆಂಟ್ ಕೊಡುತ್ತೇವೆ ಎಂದು ಕಾಗದ ಬಂತು. ಧಣಿಗಳು ಅಂಗಡಿಯವರಿಗೆಲ್ಲ ಹೋಳಿಗೆ ತರಿಸಿದರು. ಕುಲುಮೆಗೂ ಎರಡು ಕಳಿಸಿದರು, ಯಾಕೆಂದು ಹೇಳದೆ. ಆಚಾರ್ರು ತಿಂದರು.

ನಾಲ್ಕು ತಿಂಗಳು ಮುಗಿಯುವವರೆಗೆ ಕಾಯುವಷ್ಟು ತಾಳ್ಮೆ ಅವರಿಗಿರಲಿಲ್ಲ. ಮರುವಾರವೇ ನನ್ನಿಂದ ಒಂದು ನೋಟೀಸು ಟೈಪ್ ಮಾಡಿಸಿದರು. ಇನ್ನು ಮುಂದೆ ಈ ಬಾಗಿಲನ್ನು ಮಾಡಿ ಮಾರಬಾರದು. ಬೇಕಿದ್ದರೆ ನಮ್ಮ ಅಂಗಡಿಗೆ ದಿನಗೂಲಿಗೆ ಬಂದು ಮಾಡಬಹುದು. ಇನ್ನೂರು ಹೆಜ್ಜೆ ದೂರದ ಕುಲುಮೆಗೆ ಅದು ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು, ಇಂಗ್ಲಿಷಿನಲ್ಲಿ.

ಊರಿನಲ್ಲಿ ಆಚಾರ್ರಿಗೆ ಇಂಗ್ಲಿಷ್ ಓದಿ ಹೇಳುವವನು ನಾನೊಬ್ಬನೇ. ಭಾನುವಾರ ಬೆಳಿಗ್ಗೆ ನನ್ನ ಮನೆಗೆ ಬಂದರು. ನನ್ನ ಹೆಂಡತಿ ಅವರಿಗೆ ಬೆಲ್ಲ, ನೀರು ಕೊಟ್ಟಳು. ನಾನೇ ಟೈಪ್ ಮಾಡಿದ್ದನ್ನು ನಾನೇ ಬಿಡಿಸಿ, ನಾನೇ ಓದಿ, ಅರ್ಥ ಹೇಳಿದೆ.

ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. ಆಮೇಲೆ ಕೇಳಿದರು: “ಅವತ್ತು ಕಲ್ಕತ್ತದವ ಕೇಳಿದ್ದು ಅಂತ ಬಂದದ್ದು ಇದಕ್ಕಾ?”

“ಹೌದು.”

“ಅವ ಕೇಳಿದ್ದು ನಿಜವಾ, ಅದೂ ಸುಳ್ಳಾ?”

“ಅದು ನಿಜ ಆಚಾರ್ರೇ.”

“ಹೇಳಬಹುದಿತ್ತು ರೈಟ್ರೇ.” ಅಷ್ಟೇ ಹೇಳಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಮರುದಿನ ಕೋರ್ಟಿನ ಬದಿಯ ಒಬ್ಬರು ವಕೀಲರಲ್ಲಿಗೆ ಹೋದೆ. ಅವರು ಕಾನೂನಿನ ಪುಸ್ತಕ ತೆಗೆದು ನೋಡಿ ಹೇಳಿದರು: ಕದ್ದದ್ದು ಎಂದು ಸಾಬೀತು ಮಾಡುವುದು ಕಷ್ಟ, ಅದು ಇವರ ಮಾತು ಅವರ ಮಾತು. ಆದರೆ ಅರ್ಜಿಯ ತಾರೀಕಿಗಿಂತ ಮೊದಲೇ ಆ ವಸ್ತು ಸಾರ್ವಜನಿಕವಾಗಿ ಬಳಕೆಯಲ್ಲಿತ್ತು ಎಂದು ತೋರಿಸಿದರೆ ಪೇಟೆಂಟ್ ಯಾರಿಗೂ ಸಿಗುವುದಿಲ್ಲ. ಆಚಾರ್ರು ಮಾರಿದ್ದಕ್ಕೆ ಚೀಟಿ ಬರೆದವರಲ್ಲ, ಯಾವುದನ್ನು ಯಾವಾಗ ಕೊಟ್ಟರೆಂದು ತೋರಿಸುವಂತಿರಲಿಲ್ಲ. ತಾರೀಕು ಗಟ್ಟಿಯಾಗಿ ಹೇಳಬಹುದಾದದ್ದು ಒಂದೇ, ದೈವಸ್ಥಾನದ್ದು. ಆ ವರ್ಷದ ನೇಮೋತ್ಸವದ ಮುಂಚಿನ ದಿನ ಅದನ್ನು ಕೂರಿಸಿದ್ದು ಊರಿಗೇ ಗೊತ್ತಿತ್ತು.

ಆಚಾರ್ರು ಆಗುವುದಿಲ್ಲ ಎಂದರು.

“ಒಪ್ಪಿಸಿ ಆಗಿದೆ. ಇನ್ನು ನಾನು ಕೊಟ್ಟದ್ದು, ಇಂಥ ದಿನ ಕೊಟ್ಟದ್ದು ಅಂತ ಕಾಗದದಲ್ಲಿ ಬರೆದ್ರೆ ಬಾಯಲ್ಲಿ ವಾಪಸ್ ತೆಗೊಂಡ ಹಾಗೆ. ಅದು ನನ್ನಿಂದ ಆಗುದಿಲ್ಲ.”

“ನಿಮ್ಮ ಕೆಲಸ ಹೋಗ್ತದಲ್ಲ.”

“ಹೋಗ್ಲಿ. ಕತ್ತಿ ಮಾಡಿ ಬದುಕ್ತೇನೆ.”

ಧಣಿಗಳು ಇದನ್ನು ಮೊದಲೇ ಲೆಕ್ಕ ಹಾಕಿದ್ದರು ಎಂದು ನನ್ನ ಅನುಮಾನ. ಮೊಕ್ತೇಸರರಾದವರಿಗೆ ಆಚಾರ್ರ ಮನೆಯ ಕ್ರಮ ಗೊತ್ತಿಲ್ಲದಿರುವುದಿಲ್ಲ. ಆದರೆ ಇದು ಅನುಮಾನ ಮಾತ್ರ, ಕಂಡದ್ದಲ್ಲ.

ಕಂಡದ್ದು ಇದು. ಆಚಾರ್ರು ಹೇಳದಿದ್ದರೆ ನಾನು ಹೇಳುತ್ತೇನೆ, ನಾನು ಒಪ್ಪಿಸಿದವನಲ್ಲವಲ್ಲ ಎಂದು ಯೋಚಿಸಿ, ತಪ್ಪಿಲ್ಲದೆ ಬರೆಯಬೇಕೆಂದು ಆ ಬಾಗಿಲನ್ನು ಇನ್ನೊಮ್ಮೆ ನೋಡಲು ಕಾಣಿಯೂರಿನ ದಾರಿ ಹಿಡಿದೆ. ದೈವಸ್ಥಾನದಲ್ಲಿ ದೀಪ ಇಡುವ ಮುದುಕರು ಒಬ್ಬರೇ ಇದ್ದರು. ಡಬ್ಬಿ ಅದೇ ಜಾಗದಲ್ಲಿತ್ತು. ಅದರ ಬಾಯಿಗೆ ಎಣ್ಣೆಡಬ್ಬಿಯ ತಗಡನ್ನು ಕತ್ತರಿಸಿ, ಒಂದು ಸೀಳು ಮಾಡಿ, ಮೊಳೆ ಹೊಡೆದಿತ್ತು.

“ಇದರ ಬಾಗಿಲು ಎಲ್ಲಿ?”

“ಧಣಿಗಳು ರಿಪೇರಿಗೆ ಅಂತ ಕೊಂಡೋದ್ರು. ತಿಂಗಳಾಯ್ತು.”

“ಹಾಳಾಗಿತ್ತಾ?”

“ನನಗೆ ಎಂತ ಗೊತ್ತು? ನಾನು ಪೈಸೆ ಹಾಕುವಾಗ ಸರಿಯೇ ಇತ್ತು.”

ಅಂಗಡಿಗೆ ವಾಪಸು ಬಂದು, ಧಣಿಗಳು ಊಟಕ್ಕೆ ಹೋದ ಹೊತ್ತಿನಲ್ಲಿ ಹಿಂದಿನ ಕೋಣೆಯ ಕಪಾಟು ತೆರೆದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ತುಕ್ಕು ಹಿಡಿದ ಬಿಜಾಗ್ರಿಗಳ ಅಡಿಯಲ್ಲಿ ಇಟ್ಟಿತ್ತು. ರೆಪ್ಪೆಯ ಸಂದಿಯಲ್ಲಿ ಕುಂಕುಮ ಹಾಗೆಯೇ ಅಂಟಿತ್ತು. ದೈವದ ಡಬ್ಬಿಯಿಂದ ಕಡ್ಡಿ ಹಾಕಿ ಎಂಟಾಣೆ ತೆಗೆದವನನ್ನು ಊರವರು ಕಟ್ಟಿ ಹೊಡೆದದ್ದು ನನಗೆ ಗೊತ್ತಿದೆ. ಇವರು ಬಾಗಿಲನ್ನೇ ಕಿತ್ತು ತಂದಿದ್ದರು, ಹಗಲಿನಲ್ಲಿ, ಮೊಕ್ತೇಸರರಾಗಿ. ನಾನು ಹೊರಗೆ ಹೋಗಿ ಚರಂಡಿಯ ಹತ್ತಿರ ಬಗ್ಗಿ ನಿಂತೆ. ಏನೂ ಬರಲಿಲ್ಲ, ಬರೀ ಓಕರಿಕೆ.

ಆಚಾರ್ರಿಗೆ ಹೇಳಿದೆ. ಅವರು ಎದ್ದು ನಿಂತು, ಕೈ ಒರೆಸಿಕೊಂಡು, ಕುಲುಮೆಯ ಬೆಂಕಿಯನ್ನು ನೋಡುತ್ತ ಕೇಳಿದರು: “ಕಣ್ಣಾರೆ ಕಂಡ್ರಾ?”

“ಕಂಡೆ.”

“ಹಾಗಾದ್ರೆ ಈಗ ಅದು ದೈವದ್ದಲ್ಲ. ಕಳವಿನ ಮಾಲು. ಕಳವಿನ ಮಾಲಿನ ಬಗ್ಗೆ ಮಾತಾಡಬಹುದು. ಬರೀರಿ ರೈಟ್ರೇ.”

ಅವರ ಹೆಸರಿನಲ್ಲಿ ತಕರಾರು ಅರ್ಜಿ, ಜೊತೆಗೆ ನನ್ನ ಪ್ರಮಾಣಪತ್ರ. ಇಂಥ ದಿನ ಇಂಥಲ್ಲಿ ನೋಡಿದೆ, ಆಮೇಲೆ ಎರಡು ವರ್ಷ ಜನ ಬಳಸಿದ್ದನ್ನು ನೋಡಿದೆ, ಈಗ ಇಂಥಲ್ಲಿ ಇದೆ. ಅಂಗಡಿಯ ಮೆಷಿನಿನಲ್ಲಿ ಹೊಡೆಯದೆ ಕೈಯಲ್ಲಿ ಬರೆದೆ. ಸಹಿ ಮಾಡಿ ಕಳಿಸಿದ ಮೇಲೆ ಧಣಿಗಳಿಗೆ ನಾನೇ ಹೋಗಿ ಹೇಳಿದೆ.

ಅವರು ಸಿಟ್ಟು ಮಾಡಲಿಲ್ಲ. “ಪಾಪ, ನಿಮಗೆ ಮನಸ್ಸಿಗೆ ಬಂದದ್ದು ಮಾಡಿದ್ರಿ” ಎಂದರು. ಒಂದು ಹಾಳೆ ತೆಗೆದುಕೊಂಡು ತಾವೇ ಬರೆದುಕೊಟ್ಟರು: ಇವರು ನಮ್ಮಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಾರೆ, ಪ್ರಾಮಾಣಿಕರು, ಸತ್ಯವಂತರು, ಸ್ವಂತ ಇಚ್ಛೆಯಿಂದ ಬಿಟ್ಟುಹೋಗುತ್ತಿದ್ದಾರೆ. ನಾನು ಅದನ್ನು ಹರಿಯಲಿಲ್ಲ. ಅದನ್ನು ತೋರಿಸಿಯೇ ಒಂದು ಶಾಲೆಯಲ್ಲಿ ಗುಮಾಸ್ತಿಕೆ ಹಿಡಿದೆ. ನನ್ನ ಮಕ್ಕಳು ಓದಿದ್ದು ಆ ಹಾಳೆಯ ಬಲದಿಂದ ಎಂದರೂ ತಪ್ಪಿಲ್ಲ.

ವರ್ಷ ಕಳೆದು ತೀರ್ಮಾನ ಬಂತು. ಆ ಬಾಗಿಲು ಅರ್ಜಿಗೆ ಮೊದಲೇ ಸಾರ್ವಜನಿಕ ಬಳಕೆಯಲ್ಲಿತ್ತು, ಪೇಟೆಂಟ್ ನಿರಾಕರಿಸಲಾಗಿದೆ. ನಾನು ಓಡಿಹೋಗಿ ಕುಲುಮೆಯಲ್ಲಿ ಓದಿ ಹೇಳಿದೆ.

“ಅಂದ್ರೆ ಅದು ನಂದು ಅಂತ ಬರೆದಿದ್ದಾರಾ?”

“ಹಾಗೆ ಬರೆಯುವ ಕ್ರಮ ಇಲ್ಲ. ಯಾರದ್ದೂ ಅಲ್ಲ ಅಂತ. ಇನ್ನು ಯಾರು ಬೇಕಾದ್ರೂ ಮಾಡಬಹುದು.”

“ನಾನೂ?”

“ನೀವೂ.”

“ಅಷ್ಟು ಸಾಕು” ಎಂದರು. ನಾನೂ ಸಾಕು ಎಂದುಕೊಂಡೆ. ಧಣಿಗಳನ್ನು ಒಂಬತ್ತು ವರ್ಷ ಹತ್ತಿರದಿಂದ ನೋಡಿದ್ದರೂ ನನಗೆ ಅವರು ಗೊತ್ತಿರಲಿಲ್ಲ.

ಅವರು ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದರು: “ಪಾಪ, ನಮ್ಮ ಆಚಾರ್ರು ಎಷ್ಟು ಕಷ್ಟಪಟ್ಟು ಮಾಡಿದ್ದು ಆ ಬಾಗಿಲು! ಕಲ್ಕತ್ತದವರೆಗೂ ಕಳಿಸಿ ನೋಡಿದ್ವಿ. ಸರ್ಕಾರದವರು ಒಪ್ಪಲಿಲ್ಲ.” ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಮಾಡಿದವರು ಆಚಾರ್ರು ಎಂದು ಅವರು ಬಾಯಿಬಿಟ್ಟು ಹೇಳಿದ್ದು ಆಗಲೇ ಮೊದಲು. ಸರ್ಕಾರ ಬೇಡವೆಂದ ಮೇಲೆ.

ಬೇಡವೆಂದದ್ದು ಧಣಿಗಳ ಹಕ್ಕನ್ನು, ಬಾಗಿಲನ್ನಲ್ಲ. ಇಷ್ಟು ಸಣ್ಣ ವಿಷಯವನ್ನು ನಾನು ಎಷ್ಟು ಜನರಿಗೆ ಹೇಳಿಲ್ಲ! ತೀರ್ಮಾನದ ಕಾಗದವನ್ನು ಹಿಡಿದುಕೊಂಡು ಅಂಗಡಿ ಅಂಗಡಿ ಹತ್ತಿದೆ. ಸುಳ್ಯದ ಒಂದು ಸೊಸೈಟಿಯವರು ಆರು ಬಾಗಿಲಿಗೆ ಮುಂಗಡ ಕೊಟ್ಟಿದ್ದರು, ವಾಪಸು ಕೇಳಿದರು. ಅವರ ಕಾರ್ಯದರ್ಶಿ ನನಗೆ ಪರಿಚಯದವರು.

“ನೀವು ಹೇಳುದೆಲ್ಲ ಸರಿ ರೈಟ್ರೇ. ಆದ್ರೆ ಕಲ್ಕತ್ತದ ದೊಡ್ಡ ಆಫೀಸಿನವರು ನೋಡಿ ಬೇಡ ಅಂದದ್ದನ್ನು ನಾವು ಸುಳ್ಯದಲ್ಲಿ ಕೂತು ಬೇಕು ಅನ್ಲಿಕ್ಕೆ ಆಗ್ತದಾ? ನಾಳೆ ಹಣ ಹೋದ್ರೆ ನನ್ನನ್ನು ಕೇಳ್ತಾರೆ.”

“ಬಾಗಿಲು ಸರಿ ಇಲ್ಲ ಅಂತ ಅವರು ಎಲ್ಲೂ ಬರೆದಿಲ್ಲ. ಓದಿ ನೋಡಿ.”

“ಒಪ್ಪಿದ್ದೇವೆ ಅಂತ ಬರೆದಿದ್ದಾರಾ?”

“ಇಲ್ಲ.”

“ಮತ್ತೆಂತ ಮಾರಾಯ್ರೆ?”

ಕಡಬದ ಇಗರ್ಜಿಯವರು ಮಾತ್ರ ತಮ್ಮ ಡಬ್ಬಿಯಿಂದ ಅದನ್ನು ತೆಗೆಯಲಿಲ್ಲ. ಅವರಿಗೆ ಈ ಸುದ್ದಿ ಮುಟ್ಟಿರಲಿಲ್ಲ ಎಂದು ಕಾಣುತ್ತದೆ. ಉಳಿದ ಕಡೆ ಆಚಾರ್ರ ಬಾಗಿಲನ್ನು ಕೇಳುವವರಿಲ್ಲದಾಯಿತು. ಅವರು ಕತ್ತಿ, ಹಾರೆ ಮಾಡಿದರು. ಎರಡು ವರ್ಷ ಕಳೆದ ಮೇಲೆ ಧಣಿಗಳು ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಅದನ್ನೇ ಅಚ್ಚಿನಲ್ಲಿ ಒತ್ತಿಸಿ ತಂದರು. ತಗಡು ತೆಳು, ತಂತಿ ಸಪೂರ, ಮೇಲೆ ಬೆಳ್ಳಿಯಂಥ ಹೊಳಪು. ‘ನಮ್ಮ ಹೊಸ ಬಾಗಿಲು’ ಎಂದು ಮಾರಿದರು. ಚೆನ್ನಾಗಿ ಹೋಯಿತು. ಯಾರು ಬೇಕಾದರೂ ಮಾಡಬಹುದೆಂದು ಸರ್ಕಾರದಿಂದ ಬರೆಸಿ ತಂದುಕೊಟ್ಟವನು ನಾನೇ ಅಲ್ಲವೇ.

ದಾರಿಯಲ್ಲಿ ಸಿಕ್ಕಿದಾಗಲೆಲ್ಲ ಅವರು ನಿಂತು ನನ್ನ ಮಗಳ ಬಗ್ಗೆ ಕೇಳುತ್ತಿದ್ದರು. ನಾನು ಉತ್ತರ ಕೊಡುತ್ತಿದ್ದೆ. ಕೈಯನ್ನು ಮಾತ್ರ ಹಿಂದೆ ಕಟ್ಟಿಕೊಳ್ಳುತ್ತಿದ್ದೆ.

ಅರುವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಶಾಲೆಯ ಸಭಾಂಗಣದಲ್ಲಿ ಸಂತಾಪ ಸಭೆ. ಗುಮಾಸ್ತನಾದ್ದರಿಂದ ಕುರ್ಚಿ ಹಾಕಿಸುವುದು ನನ್ನ ಕೆಲಸ, ಹೋಗದೆ ಉಪಾಯವಿರಲಿಲ್ಲ. ಆಚಾರ್ರೂ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ನೆರೆಯವರು ಸತ್ತರೆ ಹೋಗಬೇಕು ಎನ್ನುವವರು ಅವರು. ಮಾತಾಡಿದವರೆಲ್ಲ ಧಣಿಗಳ ನಯ, ದಾನ, ದೈವಭಕ್ತಿ ಹೇಳಿದರು. ಒಬ್ಬರು ಹೇಳಿದರು, ಕಾಣಿಕೆ ಡಬ್ಬಿಗೆ ಎರಡು ರೆಪ್ಪೆಯ ಬಾಗಿಲನ್ನು ಕಂಡುಹಿಡಿದ ಬುದ್ಧಿವಂತರು ನಮ್ಮ ಪುತ್ತೂರಿನವರು ಎಂಬುದು ನಮಗೆ ಹೆಮ್ಮೆ.

ಅಧ್ಯಕ್ಷರು ನನ್ನ ಕಡೆ ತಿರುಗಿ, ಹಳೆಯ ರೈಟ್ರು ಎರಡು ಮಾತು ಹೇಳಬೇಕು ಎಂದರು. ನಾನು ಎದ್ದು ಮೇಜಿನ ಹತ್ತಿರ ಹೋದೆ.

“ಆ ಬಾಗಿಲು ಅವರು ಮಾಡಿದ್ದಲ್ಲ” ಎಂದೆ. “ಮಾಡಿದವರು ಅಲ್ಲಿ ಹಿಂದೆ ಕೂತಿದ್ದಾರೆ. ಇವರು ಅದನ್ನು...” ಮುಂದಿನ ಶಬ್ದ ಹೇಳಲಾಗಲಿಲ್ಲ. ಇಷ್ಟು ವರ್ಷ ಒಳಗೆ ಹಿಡಿದಿಟ್ಟದ್ದು ಒಮ್ಮೆಗೇ ಮೇಲೆ ಬಂದು ಕಣ್ಣಿನಲ್ಲಿ ನೀರು ತುಂಬಿತು. ಅದು ಹೇಸಿಗೆಯ ನೀರು. ಅದನ್ನು ನೋಡಿದವರಿಗೆ ಹಾಗೆ ಕಂಡಿರಲಾರದು.

ಅಧ್ಯಕ್ಷರು ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. “ರೈಟ್ರಿಗೆ ಮಾತು ಹೊರಡುದಿಲ್ಲ. ಧಣಿಗಳ ಜೊತೆ ಒಂಬತ್ತು ವರ್ಷ ಇದ್ದವರು. ದುಃಖದಲ್ಲಿ ಎಂತ ಹೇಳ್ತಾ ಇದ್ದೇನೆ ಅಂತ ಅವರಿಗೇ ಗೊತ್ತಾಗ್ತಾ ಇಲ್ಲ” ಎಂದು ಸಭೆಗೆ ಹೇಳಿ, ನನ್ನನ್ನು ಹಿಡಿದು ತಂದು ಮೊದಲ ಸಾಲಿನಲ್ಲಿ ಕೂರಿಸಿದರು. ಯಾರೋ ನೀರು ತಂದುಕೊಟ್ಟರು. ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು, ನನ್ನನ್ನು ನೋಡಿ.

ಆಮೇಲೆ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಬೇಕು ಎಂದರು. ಎಲ್ಲರೂ ಎದ್ದರು. ತಿರುಗಿ ನೋಡಿದೆ, ಕೊನೆಯ ಸಾಲಿನಲ್ಲಿ ಆಚಾರ್ರೂ ತಲೆ ತಗ್ಗಿಸಿ ನಿಂತಿದ್ದರು. ನಾನು ಏಳಲಿಲ್ಲ. ಮಾತಿನಲ್ಲಿ ಆಗದ್ದನ್ನು ಹೀಗಾದರೂ ಹೇಳುತ್ತೇನೆ ಎಂದು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದೆ. ಪಕ್ಕದಲ್ಲಿ ನಿಂತಿದ್ದವರು ಬಗ್ಗಿ, ನನ್ನ ಭುಜವನ್ನು ಮೆಲ್ಲನೆ ಒತ್ತಿ, “ಪರವಾಗಿಲ್ಲ ರೈಟ್ರೇ, ಏಳುದು ಬೇಡ. ನಮಗೆ ಅರ್ಥ ಆಗ್ತದೆ” ಎಂದರು.